ಇನ್‌ಕ್ಯುಬೇಟರಿಗೆ ಇಟ್ಟ ಹೂವು

೪ ಅಕ್ಟೋಬರ್ ೨೦೨೫, ಶನಿವಾರ. ಸಪ್ತಾಪುರ.

ಸಿಟ್ಟು ಇನ್ನೂ ಇಳಿದಿಲ್ಲ. ಆರು ವಾರ ಲ್ಯಾಬಿನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಚರ್ಮದ ಮೇಲೆ ಇವತ್ತು ಬೂಷ್ಟು. ಹನ್ನೆರಡು ತಟ್ಟೆಗಳಲ್ಲಿ ಒಂದೂ ಉಳಿಯಲಿಲ್ಲ.

ಬುಧವಾರ ಅಲ್ಲಿ ಖಂಡೇ ಪೂಜೆ, ಆಯುಧಪೂಜೆ. ಮೈಕ್ರೋಸ್ಕೋಪಿಗೆ ಕುಂಕುಮ ಹಚ್ಚಿದರು, ಹಚ್ಚಲಿ. ಆದರೆ ನಮ್ಮ ಗೈಡ್ ಯಜ್ಞೇಶ್ವರ ಸರ್, ಜೀವಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲು ತೆಗೆಸಿ, ಒಳಗೇ ಚೆಂಡುಹೂ ಇಟ್ಟರು. ನಾವು ಉಸಿರು ಬಿಡಲೂ ಹೆದರುವ ಜಾಗ ಅದು! ಇವತ್ತು ಕೇಳಿದರೆ, "ದೇವರ ಹೂವಿನಿಂದ ಎಲ್ಲೆರೆ ಕೆಡ್ತದೇನು? ನೀನೇ ಕೈ ಸರಿ ತೊಳದಿರಲಿಕ್ಕಿಲ್ಲ" ಅಂದರು. ಮೈಯೆಲ್ಲ ಉರಿದುಹೋಯಿತು.

ಆ ಚರ್ಮ ಬೆಳೆಸಲು ತಮ್ಮದೊಂದು ಚೂರು ಕೊಟ್ಟವರು ದುರ್ಗದಬೈಲಿನಲ್ಲಿ ಕಾಯಿಪಲ್ಲೆ ಮಾರುವ ಗೌರಕ್ಕ. ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ವರ್ಷವಾದರೂ ಮಾಯ್ದಿಲ್ಲ. "ನನಗ ಆಗದಿದ್ರೂ ಯಾರಿಗರ ಆಗ್ಲಿ, ತಗೋಳವ್ವಾ" ಎಂದು ತೊಡೆ ಒಡ್ಡಿದ್ದರು. ಸಂಜೆ ಅವರದೇ ಫೋನು.

"ನನ್ನ ತೊಗಲು ಎಷ್ಟು ಬೆಳೀತವ್ವಾ?"

"ಛಲೋ ಬೆಳಿಯಾಕತ್ತೈತ್ರಿ" ಅಂದೆ.

ಸರ್‌ಗೆ ಬೈಯಲೆಂದೇ ಇದನ್ನು ಬರೆಯಲು ಕೂತೆ. ಆದರೆ ಅವರು "ತೆಗಿ" ಅಂದಾಗ ಆ ಬಾಗಿಲು ತೆಗೆದವಳು ನಾನು. ತೆಗೆದು, ಎಲ್ಲರ ಜೊತೆ ಕೈಮುಗಿದು ನಿಂತೆ. ಅಂದು "ಬೇಡ್ರಿ" ಎನ್ನಲು ಏಳದ ಈ ನಾಲಿಗೆ ಇವತ್ತು ಗೌರಕ್ಕನಿಗೆ ಎಷ್ಟು ಸಲೀಸಾಗಿ ಸುಳ್ಳು ಹೇಳಿತು!