ನಲವತ್ತು ತಲೆಯ ಹಾಲ್ಟ್

ಊರಿನಿಂದ,
೧೬-೯-೧೯೪೨, ಬುಧವಾರ ಮಧ್ಯಾಹ್ನ

ಪ್ರೀತಿಯ ಮಗನಿಗೆ,

ಅಪ್ಪನ ಆಶೀರ್ವಾದ. ಹೆಸರು ಹಾಕಿ ಕರೆದಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಬರೆಯಬಾರದ ಕಡೆ ನಿನ್ನ ಹೆಸರನ್ನು ಒಂದು ಸಲ ಬರೆದು ಈಗ ಅನುಭವಿಸುತ್ತಿದ್ದೇನೆ. ಅದನ್ನು ಹೇಳುವುದಕ್ಕೇ ಈ ಕಾಗದ.

ಮೊದಲು ನಿನ್ನ ಆರೋಗ್ಯ ಹೇಗಿದೆ? ಮಳೆಗಾಲದ ಆ ಕೆಮ್ಮು ಮತ್ತೆ ಬಂತೆ? ಎಲ್ಲಿ ಮಲಗುತ್ತೀಯೋ, ನೆಲಕ್ಕೆ ಒಂದು ಚಾಪೆಯಾದರೂ ಇದೆಯೋ ಇಲ್ಲವೋ, ಯಾರನ್ನು ಕೇಳಲಿ? ನಿನ್ನಮ್ಮ ಕಾಳುಮೆಣಸು ಬೆಲ್ಲ ಕುಟ್ಟಿ ಉಂಡೆ ಕಟ್ಟಿ ಕಳಿಸಿದ್ದಾಳೆ, ಬಿಸಾಡದೆ ತಿನ್ನು. ನಾವಿಬ್ಬರೂ ಮೈಯಲ್ಲಿ ಚೆನ್ನಾಗಿದ್ದೇವೆ. ಅವಳು ನಿನ್ನೆಯಿಂದ ದಶಲಕ್ಷಣ ಪರ್ವದ ಹತ್ತು ದಿನದ ವ್ರತಕ್ಕೆ ಕೂತಿದ್ದಾಳೆ, ಒಂದು ಹೊತ್ತು ಊಟ. ನಾನು ಮಾತ್ರ ನಾಯಿ ಬೊಗಳಿದರೂ ಎದ್ದು ಬಾಗಿಲ ಸಂದಿಯಲ್ಲಿ ಇಣುಕುತ್ತೇನೆ. ಅಂಗಡಿಯಲ್ಲಿ ಬಟ್ಟೆ ಅಳೆಯುವಾಗ ಮೊಳ ತಪ್ಪಿ ಮತ್ತೆ ಮತ್ತೆ ಅಳೆಯುತ್ತೇನೆ. ನೀನು ಕಾಲೇಜು ಬಿಟ್ಟು ಚಳವಳಿಗೆ ಸೇರಿ ತಲೆಮರೆಸಿಕೊಂಡು ಐದು ವಾರವಾಯಿತು. ಬೈಯುವುದಕ್ಕೆ ಕೂತಿಲ್ಲ, ಬೈದರೆ ನೀನು ಕೇಳುವವನೂ ಅಲ್ಲ.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಬೈರಯ್ಯನ ಎತ್ತಿನ ಗಾಡಿ ಹೊಡೆಯುವ ಲಕ್ಕಣ್ಣ ಹೊಳೆನರಸೀಪುರದಲ್ಲಿ ನೀನು ಹೇಳಿಕಳಿಸಿದ ಮನೆಗೆ ಮುಟ್ಟಿಸುತ್ತಾನೆ. ಓದಿದ ತಕ್ಷಣ ಒಲೆಗೆ ಹಾಕು. ಬೈರಯ್ಯನ ಗಾಡಿಯೇ, ಅಪ್ಪನಿಗೂ ಅವನಿಗೂ ಮಾತೇ ಇಲ್ಲವಲ್ಲ ಎಂದು ನೀನು ಕೇಳುತ್ತೀಯ. ಹೇಳುತ್ತೇನೆ, ತಾಳು.

ನಮ್ಮೂರಿಗೆ ರೈಲು ಹಾಲ್ಟ್ ಬಂದದ್ದು ನಿನಗೆ ಗೊತ್ತು. ಹೇಗೆ ಬಂತೆಂದು ನಾನು ಪೂರ್ತಿ ಹೇಳಿರಲಿಲ್ಲ, ನಾಚಿಕೆಯಾಗಿತ್ತು. ಮಾರ್ಚಿ ತಿಂಗಳಲ್ಲಿ ಬಸದಿಯ ಮುಂದಿನ ಜಗಲಿಯಲ್ಲಿ ಊರೆಲ್ಲ ಸೇರಿ ಮೂರು ದಿನ ಜಗಳವಾಡಿದೆವು. ನಾನೂ ಮೇಷ್ಟ್ರು ಚಂದ್ರಶೇಖರಯ್ಯನವರೂ ಹಾಲ್ಟ್ ಬೇಕೇ ಬೇಕೆಂದೆವು. ಬೈರಯ್ಯ ಬೇಡವೆಂದ. "ಅಲ್ಲಾ ಪದ್ಮರಾಜಯ್ನೋರೆ, ಆಲ್ಟು ಆಲ್ಟು ಅಂತ ಕುಣೀತೀರಲ್ಲ, ರೈಲು ನಿಂತ್ರೆ ನಾವ್ ಓಗೋದೊಂದೇ ಅಲ್ಲ ಕಣ್ರೀ, ಕಂಡೋರೆಲ್ಲಾ ಬತ್ತಾರೆ. ಪಿಲೇಗೂ ಬತ್ತದೆ, ಪೋಲೀಸ್ನೋರೂ ಬತ್ತಾರೆ" ಎಂದ. ಹೊಳೆನರಸೀಪುರದ ಸ್ಟೇಷನ್ನಿಗೆ ಜನರನ್ನು ಹೊತ್ತೊಯ್ಯುವ ತನ್ನ ಮೂರು ಎತ್ತಿನ ಗಾಡಿಗೆ ಕೆಲಸ ತಪ್ಪುತ್ತದೆಂದು ಅವನು ಹೀಗೆ ಆಡುತ್ತಾನೆ ಎಂದು ನಾನು ಎಲ್ಲರ ಮುಂದೆ ಅಂದುಬಿಟ್ಟೆ. ಅವತ್ತಿನಿಂದ ಅವನು ನಮ್ಮ ಅಂಗಡಿಯ ಮೆಟ್ಟಿಲು ತುಳಿಯಲಿಲ್ಲ.

ಆಮೇಲೆ ಜಾಗ ನೋಡಲು ಬಂದ ರೈಲ್ವೆಯವನು "ವಾರಕ್ಕೆ ನಲವತ್ತು ತಲೆ ಕೊಡಿ, ಹಾಲ್ಟ್ ಕೊಡುತ್ತೇವೆ" ಎಂದು ಹೇಳಿ ಹೋದ. ನಲವತ್ತು ಪ್ರಯಾಣಿಕರು ಎಂದು ಅವನ ಅರ್ಥ. ಬೈರಯ್ಯನ ತಾಯಿ ರೈಲಿಗೆ ಬಲಿ ಕೇಳುತ್ತಿದ್ದಾರೆಂದು ತಿಳಿದು, ಮೊಮ್ಮಕ್ಕಳನ್ನು ಕಟ್ಟಿಕೊಂಡು ಅರಕಲಗೂಡಿನ ಮಗಳ ಮನೆಗೆ ಓಡಿ ಹದಿನೈದು ದಿನ ಕೂತಿದ್ದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈಗ ಆ ಮುದುಕಿ ಎದುರಿಗೆ ಬಂದರೆ ನಾನು ಪಕ್ಕದ ಸಂದಿಗೆ ತಿರುಗಿಕೊಳ್ಳುತ್ತೇನೆ.

ರೈಲ್ವೆಯವರು ಆ ನಲವತ್ತು ಜನರ ಪಟ್ಟಿ ಕೇಳಿದರು. ಹೆಸರು, ಕಸುಬು, ಯಾವ ದಿನ ಯಾವ ಗಾಡಿ, ಎಲ್ಲಾ ಬೇಕು. ಊರಿನಲ್ಲಿ ನನ್ನ ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ನನಗೇ ಬಂತು, ನಾನೂ ಬೀಗಿದೆ. ಎಷ್ಟು ಎಳೆದರೂ ಮೂವತ್ತೇಳಕ್ಕೆ ನಿಂತಿತು. ಚನ್ನರಾಯಪಟ್ಟಣಕ್ಕೆ ಕೊಟ್ಟಿರುವ ನಿನ್ನ ಅಕ್ಕನನ್ನು ಸೇರಿಸಿದೆ. ತೀರಿಕೊಂಡ ಬಸದಿಯ ಪುರೋಹಿತರನ್ನು ಸೇರಿಸಿದೆ, ಜಿನೇಂದ್ರ ಕ್ಷಮಿಸಲಿ. ನಲವತ್ತನೆಯದಾಗಿ ನಿನ್ನನ್ನು ಬರೆದೆ: ವಿದ್ಯಾರ್ಥಿ, ಪ್ರತಿ ಶನಿವಾರ ಸಂಜೆ ಗಾಡಿಗೆ ಮೈಸೂರಿನಿಂದ ಬಂದು ಸೋಮವಾರ ಬೆಳಿಗ್ಗೆ ಹಿಂತಿರುಗತಕ್ಕವನು. ವರ್ಷಕ್ಕೆ ನಾಲ್ಕು ಸಲ ಬರುವ ನಿನ್ನನ್ನು ಹಾಗೆ ಬರೆದು ಕೆಳಗೆ ರುಜು ಹಾಕಿದೆ.

ಆಸೆಯಿಂದ ಬರೆದೆ, ಮಗು. ನೀನು ಹೊಳೆನರಸೀಪುರದಲ್ಲಿ ಇಳಿದು ಆರು ಮೈಲಿ ನಡೆದು ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ನಮ್ಮ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಎಲೆ ಹಾಕುವುದಿಲ್ಲ. ನೀನು ನೀರು ಕುಡಿದು ಮಲಗುತ್ತಿದ್ದೆ, ನಿನ್ನ ದಾರಿ ನೋಡುತ್ತ ಉಣ್ಣದೆ ಉಳಿದ ನಿನ್ನಮ್ಮನೂ ಹಾಗೇ ಮಲಗುತ್ತಿದ್ದಳು. ಗಾಡಿ ನಮ್ಮೂರಲ್ಲೇ ನಿಂತರೆ ಐದೂವರೆಗೆ ಮನೆಯಲ್ಲಿರುತ್ತೀಯ, ಬಿಸಿಲಿರುವಾಗಲೇ ಇಬ್ಬರೂ ಕೂತು ಉಣ್ಣುತ್ತೀರಿ. ಊರಿನ ಮುಂದೆ ವ್ಯಾಪಾರ, ಆಸ್ಪತ್ರೆ ಎಂದೆಲ್ಲ ಭಾಷಣ ಮಾಡಿದೆ. ಒಳಗೆ ಇದ್ದದ್ದು ಅದೊಂದೇ.

ಜುಲೈ ಒಂದರಿಂದ ಮೂರು ತಿಂಗಳ ಪರೀಕ್ಷೆಗೆ ಹಾಲ್ಟ್ ಕೊಟ್ಟರು. ಟಿಕೀಟು ಕೊಟ್ಟು ಬಾವುಟ ತೋರಿಸುವ ಏಜೆಂಟನಾಗಿ ನನ್ನನ್ನೇ ಇಟ್ಟರು. ಹತ್ತುವವರಿದ್ದರೆ ನಾನು ಕೆಂಪು ತೋರಿಸಬೇಕು. ಇಳಿಯುವವರು ಹೊಳೆನರಸೀಪುರದಲ್ಲೇ ಗಾರ್ಡಿಗೆ ಹೇಳಿರಬೇಕು. ಎರಡೂ ಇಲ್ಲದಿದ್ದರೆ ನನ್ನ ಹಸಿರು ನೋಡಿಕೊಂಡು ಗಾಡಿ ನಿಲ್ಲದೆ ಹೋಗುತ್ತದೆ. ಈ ತಿಂಗಳ ಕೊನೆಗೆ ತಲೆ ಎಣಿಸಿ ಹಾಲ್ಟ್ ಉಳಿಸಬೇಕೋ ತೆಗೆಯಬೇಕೋ ತೀರ್ಮಾನಿಸುತ್ತಾರೆ.

ಹೊಳೆನರಸೀಪುರದ ಆಚೆ ಯಾರೋ ತಂತಿ ಕತ್ತರಿಸಿದ ಮೇಲೆ ಪೋಲೀಸಿನವರು ರೈಲ್ವೆಯ ಕಾಗದಗಳನ್ನೆಲ್ಲ ತರಿಸಿಕೊಂಡರಂತೆ. ಮೂರು ವಾರದ ಕೆಳಗೆ ಹಾಸನದಿಂದ ಒಬ್ಬ ಇನ್‌ಸ್ಪೆಕ್ಟರು ಅಂಗಡಿಗೆ ಬಂದು ಕೂತು, ಪಟ್ಟಿಯನ್ನು ತೊಡೆಯ ಮೇಲೆ ಬಿಡಿಸಿ, ನಿನ್ನ ಹೆಸರಿನ ಮೇಲೆ ಬೆರಳಿಟ್ಟ. ಅದೇ ನನ್ನ ದುಂಡಗಿನ ಅಕ್ಷರ. ಅದು ಸುಳ್ಳು ಸ್ವಾಮಿ, ಲೆಕ್ಕ ತುಂಬಲಿ ಎಂದು ಬರೆದದ್ದು ಎಂದೆ. "ಹಾಗಾದರೆ ರೈಲ್ವೆಯವರಿಗೆ ಸುಳ್ಳು ಬರೆದಿರೋ, ಈಗ ನನಗೆ ಸುಳ್ಳು ಹೇಳುತ್ತಿದ್ದೀರೋ?" ಎಂದು ಮೆಲ್ಲಗೆ ಕೇಳಿದ. ಜೋರಾಗಿ ಕೇಳಿದ್ದರೆ ಇಷ್ಟು ಹೆದರುತ್ತಿರಲಿಲ್ಲ. ಜೀವಮಾನದಲ್ಲಿ ಒಂದೇ ಸಲ ಸುಳ್ಳು ಬರೆದವನು ನಿಜ ಹೇಳಿದರೆ ಯಾರು ನಂಬುತ್ತಾರೆ?

ಅಲ್ಲಿಂದ ಈಚೆಗೆ ಪ್ರತಿ ಶನಿವಾರ ಅವನೂ ನಾಲ್ಕು ಜನ ಕಾನ್‌ಸ್ಟೇಬಲ್ಲುಗಳೂ ಹಾಲ್ಟಿಗೆ ಬರುತ್ತಾರೆ. ಗಾಡಿ ನಿಂತ ಕೂಡಲೇ ಡಬ್ಬಿ ಡಬ್ಬಿ ಹತ್ತಿ ಮುಖ ನೋಡುತ್ತಾರೆ. ಹೋದ ಶನಿವಾರ ನಿನ್ನ ಎತ್ತರದವನೊಬ್ಬನನ್ನು ಕೆಳಗೆ ಎಳೆದು ಹೊಡೆದರು, ಅವನು ಚನ್ನರಾಯಪಟ್ಟಣದ ಕಾಯಿ ವ್ಯಾಪಾರದವನೆಂದು ಗೊತ್ತಾಗುವ ಹೊತ್ತಿಗೆ ಒಂದು ಕಣ್ಣು ಬಾತುಹೋಗಿತ್ತು. ಅವನು ಬೆನ್ನು ತಿರುಗಿಸಿ ನಿಂತಿದ್ದಾಗ ನನಗೆ ನೀನೇ ಅನ್ನಿಸಿತು. ಕೈಯಲ್ಲಿದ್ದ ಬಾವುಟ ಕೆಳಗೆ ಬಿತ್ತು. ಇನ್‌ಸ್ಪೆಕ್ಟರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು ನಕ್ಕ.

ಸೋಮವಾರ ನಿನ್ನ ಹೇಳಿಕೆ ಬಂತು, ಪರ್ವಕ್ಕೆ ಅಮ್ಮನನ್ನು ನೋಡಲು ಈ ಶನಿವಾರ ಸಂಜೆ ಗಾಡಿಗೆ ಬರುತ್ತೇನೆಂದು. ಅಯ್ಯೋ ಮಗನೆ, ವಾರದಲ್ಲಿ ಬೇರೆ ಆರು ದಿನ ಇರಲಿಲ್ಲವೇ ನಿನಗೆ? ನಾನು ಸುಳ್ಳು ಬರೆದ ದಿನವನ್ನೇ ಹುಡುಕಿ ನಿಜ ಮಾಡಲು ಹೊರಟಿದ್ದೀಯ. ಬರಬೇಡ. ಕೈ ಮುಗಿದು ಕೇಳುತ್ತೇನೆ, ಬರಬೇಡ.

ಕಾಗದ ನಿನ್ನ ಕೈ ಸೇರದೆ ಹೋದರೆ ಎಂಬ ಭಯದಲ್ಲಿ ನಿನ್ನೆ ಬೆಳಿಗ್ಗೆ ಬೈರಯ್ಯನ ಮನೆಗೆ ಹೋದೆ. ಆರು ತಿಂಗಳ ಮೇಲೆ ಅವನ ಹೊಸಿಲು ತುಳಿದೆ. ಎಲ್ಲಾ ಹೇಳಿದೆ. ಆಡಿಕೊಳ್ಳುತ್ತಾನೆ ಅಂದುಕೊಂಡಿದ್ದೆ, ಆಡಿಕೊಂಡ ಕೂಡ. "ನಾನೇಳ್ಳಿಲ್ವಾ ಸೋಮಿ, ಪೋಲೀಸ್ನೋರು ಬತ್ತಾರೆ ಅಂತ? ಕೇಳುದ್ರಾ ನೀವು?" ಎಂದು ಒಂದು ಗಳಿಗೆ ಬೈದ. ಆಮೇಲೆ "ಕುಂತ್ಕಳಿ ಮೊದ್ಲು" ಎಂದು ಚಾಪೆ ಹಾಸಿದ. ಸಂಜೆಯೊಳಗೆ ಮನೆಮನೆಗೂ ಹೋಗಿ, ಶನಿವಾರ ಪೋಲೀಸಿನವರು ಸಿಕ್ಕಿದವರನ್ನೆಲ್ಲ ಹೊಡೆಯುತ್ತಾರಂತೆ, ಸಂಜೆ ಗಾಡಿಗೆ ಯಾರೂ ಹತ್ತಬೇಡಿ, ಬರುವವರೂ ನಡೆದೇ ಬನ್ನಿ ಎಂದು ಸಾರಿದ್ದಾನೆ. ಯಾರೂ ಇಲ್ಲದಿದ್ದರೆ ನಾನು ಹಸಿರು ತೋರಿಸಬಹುದು, ಗಾಡಿ ನಿಲ್ಲುವುದಿಲ್ಲ, ಹುಡುಕುವುದಕ್ಕಾಗುವುದಿಲ್ಲ. ಲಕ್ಕಣ್ಣ ಅಂದು ಹೊಳೆನರಸೀಪುರದ ಸ್ಟೇಷನ್ನಿನಲ್ಲಿರುತ್ತಾನೆ. ಗಾಡಿಯಲ್ಲಿ ನೀನು ಕಂಡರೆ, ಗಾರ್ಡಿಗೆ ಏನೂ ಹೇಳದೆ ಸೀದಾ ಅರಸೀಕೆರೆಗೆ ಹೋಗು ಎಂದು ನಿನಗೆ ತಿಳಿಸುತ್ತಾನೆ.

ನಿಜ ಸಂಗತಿ ಬೈರಯ್ಯ, ಲಕ್ಕಣ್ಣ ಬಿಟ್ಟರೆ ಚಂದ್ರಶೇಖರಯ್ಯನವರಿಗೆ ಮಾತ್ರ ಗೊತ್ತು. ಅವರಿಗೆ ನಾನೇ ಹೇಳಬೇಕಾಯಿತು, ಅವರು ಪ್ರತಿ ಶನಿವಾರ ಅದೇ ಗಾಡಿಗೆ ಹಾಸನಕ್ಕೆ ಹೋಗುವವರು. "ಪರೀಕ್ಷೆಯ ಕೊನೆಯಲ್ಲಿ ಒಂದು ಗಾಡಿ ಬರಿದಾಗಿ ಹೋದರೆ ಹಾಲ್ಟ್ ಹೋದಂತೆಯೇ. ನಿಮ್ಮ ಒಬ್ಬ ಮಗನಿಗೋಸ್ಕರ ಊರೆಲ್ಲ ಅದನ್ನು ಕಳೆದುಕೊಳ್ಳಬೇಕೆ?" ಎಂದರು. ಅವರು ಕೆಟ್ಟವರಲ್ಲ. ಹೆರಿಗೆ ನೋವಿನಲ್ಲಿದ್ದ ಅವರ ಮಗಳು, ಎತ್ತಿನ ಗಾಡಿ ಹಾಸನದ ಆಸ್ಪತ್ರೆ ಮುಟ್ಟುವ ಮುಂಚೆ ದಾರಿಯಲ್ಲೇ ತೀರಿಕೊಂಡದ್ದು ನಿನಗೂ ಗೊತ್ತು. ಶನಿವಾರ ಗಾಡಿ ಹತ್ತುತ್ತಾರೋ ಇಲ್ಲವೋ ಹೇಳದೆ ಅವರು ಕೊಡೆ ತೆಗೆದುಕೊಂಡು ಎದ್ದು ಹೋದರು. ಶನಿವಾರ ಅವರು ಟಿಕೀಟು ಕೇಳಲು ಬಂದು ನಿಂತರೆ ನಾನು ಕೆಂಪು ತೋರಿಸಲೇಬೇಕು. ಬರದಿದ್ದರೂ, ಇನ್‌ಸ್ಪೆಕ್ಟರು ಕೆಂಪು ತೋರಿಸು ಎಂದು ಗದರಿದರೆ ನನ್ನ ಕೈ ಏನು ಮಾಡುತ್ತದೋ ನನಗೇ ಧೈರ್ಯವಿಲ್ಲ. ಆದ್ದರಿಂದ ಬರಬೇಡ ಅನ್ನುವುದೇ ನನ್ನ ಕೊನೆಯ ಮಾತು.

ನಿನ್ನ ಜೊತೆಯಲ್ಲಿರುವ ಹುಡುಗರಿಗೆಲ್ಲ ನನ್ನ ಆಶೀರ್ವಾದ ಹೇಳು, ಅವರಿಗೂ ಎಲ್ಲೋ ಒಬ್ಬ ಅಪ್ಪ ಇರುತ್ತಾನೆ. ನೂರು ವರ್ಷ ಬಾಳು, ಮೊದಲು ಈ ಶನಿವಾರ ದಾಟು.

ನಿನ್ನ ಅಪ್ಪ

ಮರೆತಿದ್ದು: ಲಕ್ಕಣ್ಣ ಗಾಡಿ ಕಟ್ಟಿದ್ದಾನೆ, ಬೈರಯ್ಯನೂ ಬಂದಿದ್ದಾನೆ, ಬೇಗ ಬರೆಯುತ್ತೇನೆ. ಇಷ್ಟನ್ನೂ ನಿನ್ನಮ್ಮನಿಗೆ ಓದಿ ಹೇಳಿದೆ. ರೈಲು ನಿಲ್ಲುವುದಿಲ್ಲ ತಾನೆ, ಹಾಗಿದ್ದರೆ ಬರಲಿ, ಇಳಿಯುವುದು ಬೇಡ, ಕಂಡು ಹೋಗಲಿ ಎನ್ನುತ್ತಾಳೆ. ಬೇಡವೆಂದೆ, ಕೂಗಾಡಿದೆ, ಅವಳು ಬಾಗಿಲಿಗೆ ಅಡ್ಡ ನಿಂತಿದ್ದಾಳೆ. ಅದಕ್ಕೆ ಬರೆಯುತ್ತಿದ್ದೇನೆ, ತೀರ್ಮಾನ ನಿನ್ನದು. ಬರುವುದೇ ಆದರೆ ಗಾಡಿ ಹೋಗುವ ದಿಕ್ಕಿಗೆ ಬಲಗಡೆಯ ಕಿಟಕಿಯಲ್ಲಿ ಕೂರು, ಪೋಲೀಸಿನವರು ಎಡಗಡೆ ಇರುತ್ತಾರೆ. ಹಾಲ್ಟ್ ದಾಟಿದ ಮೇಲೆ ತಿರುವಿನಲ್ಲಿ ಗಾಡಿ ನಿಧಾನವಾಗುತ್ತದೆ, ಅಲ್ಲಿ ಬೈರಯ್ಯನ ರಾಗಿ ಹೊಲ. ಕಳೆ ಕೀಳುವ ಹೆಂಗಸರ ನಡುವೆ ಅವಳು ಇರುತ್ತಾಳೆ, ಬೈರಯ್ಯನ ಹೆಂಡತಿಯ ಸೀರೆ ಉಟ್ಟುಕೊಂಡು. "ಅಮ್ಮೋರೂ ಬಗ್ಗಿ ಕಳೆ ಕಿತ್ರೆ ಯಾರೂ ಗುರ್ತು ಇಡಿಯಾಕಿಲ್ಲ" ಎಂದು ಬೈರಯ್ಯ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಪರ್ವದಲ್ಲಿ ಒಂದು ಹಸಿರು ಎಸಳನ್ನೂ ಕೀಳುವುದಿಲ್ಲವಂತೆ. ಎಲ್ಲರೂ ಬಗ್ಗಿರುವ ಹೊಲದಲ್ಲಿ ಬರಿಗೈಯಲ್ಲಿ ನೆಟ್ಟಗೆ ನಿಂತಿರುವವಳೇ ನಿನ್ನ ತಾಯಿ. ನೋಡು, ಕೈ ಎತ್ತಬೇಡ.