ಒಬ್ಬರು ನೋಡಲೇಬೇಕು

ಹೆಬ್ಬಾಳ, ಮಂಗಳವಾರ

ರುಖ್ಸಾರ್ ಅಕ್ಕಾ,

ಪಾಪು ಹೇಗಿದ್ದಾಳೆ? ನೀವು ಹೆರಿಗೆ ರಜೆಗೆ ಹೋದ ಮೇಲೆ ನಿಮ್ಮ ಟೆಸ್ಟಿಂಗ್ ಕೆಲಸ ಎಐ ಏಜೆಂಟ್‌ಗೆ ಹೋಗಿದೆ. ಅದು ನಮ್ಮ ಡೆಸ್ಕ್‌ಟಾಪ್ ಆ್ಯಪ್‌ನ ಸ್ಕ್ರೀನ್‌ಶಾಟ್ ತೆಗೆದು, ಸರಿಯಿದೆಯೋ ಇಲ್ಲವೋ ಹೇಳತ್ತೆ. ಆ ಸ್ಕ್ರೀನ್‌ಶಾಟ್ ಟೂಲ್‌ನ ಕೈಪಿಡಿ ಬರೆಯೋದು ನನ್ನ ಪಾಲಿಗೆ ಬಂತು.

ಬರೆಯೋ ಮುಂಚೆ ನಾನೇ ಓಡಿಸಿ ನೋಡಿದೆ. ಎರರ್ ಮೆಸೇಜೊಂದು ಸೇವ್ ಬಟನ್ ಮೇಲೇ ಕೂತು ಅದನ್ನ ಮುಚ್ಚಿತ್ತು. ಆದ್ರೂ ಏಜೆಂಟ್ 'ಎಲ್ಲ ಸರಿಯಿದೆ' ಅಂತು. ಅದಕ್ಕೇ 'ಕೊನೆಗೆ ಒಬ್ಬ ಟೆಸ್ಟರ್ ಚಿತ್ರಗಳನ್ನು ನೋಡಲೇಬೇಕು' ಅಂತ ಕೈಪಿಡಿಗೆ ಸೇರಿಸಿದೆ.

"ಆ ಸಾಲು ತೆಗೀರಿ, ನೋಡೋಕೆ ಈಗ ಟೆಸ್ಟರ್ ಎಲ್ಲಿದ್ದಾರೆ?" ಅಂದ್ರು ಮ್ಯಾನೇಜರ್ ನರೇಂದ್ರ ಸರ್.

"ಹಾಗಾದ್ರೆ ಕೈಪಿಡಿಯಿಂದ ನನ್ನ ಹೆಸರೂ ತೆಗೀರಿ ಸರ್" ಅಂದು, ಆ ಎರರ್‌ನ ಸ್ಕ್ರೀನ್‌ಶಾಟ್ ಅವರ ಮುಂದಿಟ್ಟೆ.

ಅವರು ಅದನ್ನ ದೊಡ್ಡದು ಮಾಡಿ ನೋಡಿದ್ರು. "ಇರಲಿ ಬಿಡಿ. ರುಖ್ಸಾರ್ ಯಾವಾಗ ಬರ್ತಾರೆ, ಕೇಳಿ" ಅಂದ್ರು.

ಅವಸರ ಇಲ್ಲ ಅಕ್ಕಾ. ಆದ್ರೆ ವಾಪಸ್ ಬರೋ ತಾರೀಕನ್ನ ಅವರಿಗೆ ಬರೆದೇ ಕಳಿಸಿ, ಆಗ ನಿಮ್ಮ ಜಾಗ ನಿಮಗೇ ಉಳಿಯತ್ತೆ.

ನಿಮ್ಮ,
ಧನುಶ್ರೀ