ದೀಪ ಮಾತ್ರ ಹತ್ತುವ ಬಟನ್

ಮಾರ್ಚ್ 4

ಕಾರ್ಖಾನೆಯಲ್ಲಿ ಬೆಳಗ್ಗೆಯಿಂದ ಬಾಟಲಿ ಸಾಗಿಸುವ ಮೂರನೇ ಬೆಲ್ಟಿನ ಪ್ಯಾನೆಲ್ ಕೆಲಸ. ಸಣ್ಣ ಪರದೆ, ಕೆಳಗೆ ಬಟನ್‌ಗಳ ಸಾಲು. ಒಂದೊಂದು ಬಟನ್‌ಗೂ ಬೆಲ್ಟ್ ಓಡಿಸುವ ಕಂಟ್ರೋಲರ್‌ನಲ್ಲಿ ಒಂದು ವಿಳಾಸ ಕೊಡಬೇಕು. ಇಲ್ಲದಿದ್ದರೆ ಬಟನ್ ಒತ್ತಿದ್ದು ಕಂಟ್ರೋಲರ್‌ಗೆ ಕೇಳಿಸುವುದೇ ಇಲ್ಲ. ಮಧ್ಯಾಹ್ನದ ತನಕ ಕೇಳಿಸಲಿಲ್ಲ. ಕೇಬಲ್ ಸರಿ, ಸೆಟ್ಟಿಂಗ್ ಸರಿ... ಕೊನೆಗೆ ನೋಡಿದರೆ ಕಂಟ್ರೋಲರ್‌ನ ಗುರುತಿನ ನಂಬರ್ ನಾನೇ ತಪ್ಪು ಹಾಕಿದ್ದೆ. ಬೈಯಲು ಬೇರೆ ಯಾರೂ ಸಿಗಲಿಲ್ಲ.

ಊಟದ ಹೊತ್ತಿಗೆ ‘ನಿಧಾನ’ ಬಟನ್ ಕೆಲಸ ಮಾಡಿತು. ಒತ್ತಿದರೆ ಬೆಲ್ಟ್ ಮೆಲ್ಲಗಾಗುತ್ತದೆ, ಹಸಿರು ದೀಪ ಹತ್ತುತ್ತದೆ. ಬಿರುಕುಬಿಟ್ಟ ಗಾಜಿನ ಬಾಟಲಿ ಆರಿಸಿ ತೆಗೆಯುವ ಹೆಂಗಸರು ಕೇಳಿ ಕೇಳಿ ಹಾಕಿಸಿಕೊಂಡದ್ದು. ಸಾಲಿನಲ್ಲಿ ಎಲ್ಲರಿಗಿಂತ ಹಳಬರು ಕನ್ನಡಕದಮ್ಮ. ಬಂದು ಒಮ್ಮೆ ಒತ್ತಿ ನೋಡಿದರು.

“ಅಂತೂ ನಮ್ಮ ಮಾತೂ ಒಂದು ಮಾತು ಅನ್ನಿಸ್ಕೊಳ್ತು ನೋಡು ತಂಗಿ.”

ಮಾರ್ಚ್ 11

ಭಾವ ಕರೆದರು. ಶಿಫ್ಟಿನ ಮೇಲ್ವಿಚಾರಕರು ಅವರೇ. ಈ ಕೆಲಸ ಕೊಡಿಸಿದವರೂ ಅವರೇ. ನನ್ನ ಊಟ ನಿದ್ದೆ ಅವರ ಮನೆಯಲ್ಲೇ, ಅಕ್ಕನ ಕೈಕೆಳಗೆ.

“ಆ ನಿಧಾನದ ಬಟನ್ ಇದೆಯಲ್ಲ... ದೀಪ ಹತ್ತಲಿ. ಬೆಲ್ಟ್ ಮಾತ್ರ ತನ್ನ ಪಾಡಿಗೆ ಓಡಲಿ. ಆಗುತ್ತಾ?”

“ಆಗುತ್ತೆ. ಆದರೆ—”

“ಮಾತೆತ್ತಿದರೆ ಒತ್ತುತ್ತಾರೆ. ಮಾಲು ಕಡಿಮೆ ಅಂತ ಮ್ಯಾನೇಜರು ನನ್ನ ಪ್ರಾಣ ತಿಂತಿದಾರೆ. ಬಟನ್ ಕಿತ್ತರೆ ರಂಪ ಆಗುತ್ತೆ. ಹೀಗಾದ್ರೆ ಯಾರಿಗೂ ನೋವಿಲ್ಲ.”

“ಗೊತ್ತಾದ್ರೆ?”

“ನೀನು ಹೇಳಿದ್ರೆ ಗೊತ್ತಾಗುತ್ತೆ. ಮನೆ ಹುಡುಗಿ ಅಂತ ನಿನಗೆ ಹೇಳ್ತಿದೀನಿ.”

ಮನೆ ಹುಡುಗಿ. ಬೇಕಾದಾಗ ಮನೆಯವಳು, ಬೇಡವಾದಾಗ ಟೆಕ್ನಿಷಿಯನ್.

ಕಂಟ್ರೋಲರ್‌ನ ವಿಳಾಸ ಅಳಿಸಿ ಪ್ಯಾನೆಲ್ ಒಳಗಿನದೇ ಒಂದು ಖಾಲಿ ವಿಳಾಸ ಕೊಟ್ಟೆ. ಈಗ ಆ ಬಟನ್ ತನ್ನೊಂದಿಗೆ ತಾನೇ ಮಾತಾಡಿಕೊಳ್ಳುತ್ತದೆ. ಚಹಾ ಆರುವುದರೊಳಗೆ ಮುಗಿಯಿತು.

ಮಾರ್ಚ್ 12

ಒತ್ತುತ್ತಿದ್ದಾರೆ. ದೀಪ ಹತ್ತುತ್ತಿದೆ. “ಈಗ ಸ್ವಲ್ಪ ವಾಸಿ” ಅಂದಳು ಒಬ್ಬಳು, ಪಕ್ಕದವಳಿಗೆ. ಅಲ್ಲೇ ನಿಂತಿದ್ದೆ.

ಮಾರ್ಚ್ 29

ಕನ್ನಡಕದಮ್ಮನ ಅಂಗೈ ಕೊಯ್ದುಹೋಯಿತು. ಬಿರುಕಿನ ಬಾಟಲಿ ಎತ್ತುವಷ್ಟರಲ್ಲಿ ಹಿಂದಿನದು ಬಂದು ಬಡಿದು, ಎರಡೂ ಅವರ ಕೈಯಲ್ಲೇ ಪುಡಿ. ದೀಪ ಹತ್ತಿಯೇ ಇತ್ತು.

ಕೈಗೆ ಬಟ್ಟೆ ಸುತ್ತಿಕೊಂಡು ಅಂದರು, “ಬೆಲ್ಟ್ ನಿಧಾನವಾಗೇ ಇತ್ತು ತಂಗಿ. ನನಗೇ ವಯಸ್ಸಾಯ್ತು.”

ಶಿಫ್ಟ್ ಬದಲಾಗುವ ಗದ್ದಲದಲ್ಲಿ ವಿಳಾಸ ಮತ್ತೆ ಸರಿ ಮಾಡಿದೆ. ಯಾರನ್ನೂ ಕೇಳಲಿಲ್ಲ.

ಏಪ್ರಿಲ್ 6

ಮೂರನೇ ಬೆಲ್ಟಿನಿಂದ ದಿನಕ್ಕೆ ಹೊರಬೀಳುವ ಮಾಲು ಕಡಿಮೆಯಾಗಿದೆ. ಮ್ಯಾನೇಜರು ಎಲ್ಲರೆದುರು ಭಾವನ ನೀರಿಳಿಸಿದರು. ಭಾವ ಅಲ್ಲಿ ನನ್ನತ್ತ ನೋಡಲಿಲ್ಲ. ಮನೆಗೆ ಬಂದು ನೋಡಿದರು.

ಅಕ್ಕ ತಟ್ಟೆ ಕುಕ್ಕಿದಳು. “ಯಾರೋ ಹೆಂಗಸರಿಗೋಸ್ಕರ ನಮ್ಮ ಅನ್ನಕ್ಕೆ ಕಲ್ಲು ಹಾಕ್ತೀಯಾ?”

“ಒಬ್ಬರ ಕೈ ಕೊಯ್ದುಹೋಗಿದೆ ಅಕ್ಕ.”

“ಕೈ ವಾಸಿಯಾಗುತ್ತೆ. ಹೋದ ಕೆಲಸ ಬರುತ್ತಾ?”

ಅತ್ತಳು. ಅವಳು ಅಳುವುದನ್ನು ನೋಡಲು ನನ್ನ ಕೈಲಾಗುವುದಿಲ್ಲ. ಅದು ಅವಳಿಗೂ ಗೊತ್ತು.

ಏಪ್ರಿಲ್ 7

ವಿಳಾಸ ಮತ್ತೆ ಅಳಿಸಿದೆ.

ಭಾವ ಎಲ್ಲ ಹೇಳಿರಬೇಕು, ಈ ಸಲ ಮ್ಯಾನೇಜರು ಬೆನ್ನ ಹಿಂದೆಯೇ ಇದ್ದರು. ಮುಗಿದ ಮೇಲೆ ಪ್ಯಾನೆಲ್‌ನ ಪಾಸ್‌ವರ್ಡ್ ತಾವೇ ಬದಲಾಯಿಸಿದರು. ಅದನ್ನು ಒತ್ತುವಾಗ ಗೋಡೆಯ ಕಡೆ ತಿರುಗಿ ನಿಲ್ಲು ಅಂದರು. ನಿಂತೆ.

ಮೇ 19

ಬರೆಯದೆ ಬಹಳ ದಿನವಾಯಿತು. ಬರೆಯುವಂಥದ್ದೇನಿತ್ತು? ಕನ್ನಡಕದಮ್ಮ ವಾಪಸು ಬರಲಿಲ್ಲ. ಬೆರಳು ಮಡಚಲು ಬರುವುದಿಲ್ಲವಂತೆ. ಅವರ ಬೀದಿಯ ತಿರುವಿನ ತನಕ ಹೋಗಿ ಬಂದೆ. ಮನೆಗೆ ಹೋಗಲಿಲ್ಲ.

ಮಾಲು ಏರಿದೆ. ಏರಿದ್ದೇ ತಪ್ಪಾಯಿತು. ಇಷ್ಟು ಸಲೀಸಾಗಿ ಓಡುವ ಬೆಲ್ಟಿಗೆ ಮೇಲ್ವಿಚಾರಕ ಯಾಕೆ ಅನ್ನಿಸಿದೆ ಮ್ಯಾನೇಜರಿಗೆ. ಇರುವುದಾದರೆ ಸಾಲಿನಲ್ಲಿ ನಿಲ್ಲಿ, ಇಲ್ಲವಾದರೆ ನಿಮ್ಮಿಷ್ಟ ಅಂದರಂತೆ ಭಾವನಿಗೆ. ಕನ್ನಡಕದಮ್ಮನ ಜಾಗ ಖಾಲಿ ಇತ್ತು.

ಮೇ 23

ಭಾವ ಬೆಲ್ಟಿನ ಮುಂದೆ. ಕೈಗವಸು ಹೊಸದು. ಬಾಟಲಿಗಳು ಕೈಗೆ ಸಿಗುವ ಮೊದಲೇ ದಾಟಿಹೋಗುತ್ತವೆ.

“ಆ ಬಟನ್ ಒತ್ತಿ ಸಾರ್, ನಿಧಾನ ಆಗುತ್ತೆ,” ಅಂದಳು ಪಕ್ಕದವಳು.

ಒತ್ತಿದರು. ಅವಳಿಗೆ ಅನುಮಾನ ಬಾರದಿರಲಿ ಅಂತ ಒತ್ತಿದರು ಅಂದುಕೊಂಡೆ. ಆಮೇಲೆ ಯಾರೂ ಹೇಳದೆಯೂ ಒತ್ತಿದರು. ಮತ್ತೆ ಮತ್ತೆ.

ನಗು ಬರಬೇಕಿತ್ತು. ಬರಲಿ ಅಂತ ಕಾದೆ ಕೂಡ.

ಮೇ 30, ಸಂಜೆ

ಭಾವನ ಬೆರಳುಗಳು ಊದಿವೆ. ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಕೂತಿದ್ದರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು.

“ಆ ಬಟನ್ ಸರಿ ಮಾಡೇ. ಅವರು ಬಾಯಿಬಿಟ್ಟು ಕೇಳಲ್ಲ.”

“ಪಾಸ್‌ವರ್ಡ್ ನನ್ನ ಹತ್ರ ಇಲ್ಲ.”

“ಯಾರೋ ಹೆಂಗಸರಿಗೆ ಮಾಡಿಕೊಟ್ಟೆ. ಸ್ವಂತ ಭಾವನಿಗೆ ಆಗಲ್ವಾ?”

ಭಾವನ ಪಾತ್ರೆಗೆ ಇನ್ನಷ್ಟು ನೀರು ಒಲೆಯ ಮೇಲಿಟ್ಟೆ.

ಜೂನ್ 2, ಬೆಳಗ್ಗೆ

ಅಕ್ಕ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ. ನನ್ನ ಜತೆ ಕಾರ್ಖಾನೆಗೆ ಬರುತ್ತಾಳಂತೆ. ಆ ದೀಪ ಬರೀ ಸುಳ್ಳು ಅಂತ ಸಾಲಿನವರಿಗೆಲ್ಲ ಹೇಳುತ್ತಾಳಂತೆ, ಮ್ಯಾನೇಜರ ಮುಖಕ್ಕೇ ಹೇಳುತ್ತಾಳಂತೆ. ಭಾವ ಬೇಡ ಅನ್ನಲಿಲ್ಲ.

“ಆಗಲಿ. ಮೊದಲು ಕನ್ನಡಕದಮ್ಮನ ಮನೆಗೆ ಹೋಗೋಣ,” ಅಂದೆ.

“ಅದ್ಯಾರು?” ಅಂದಳು ಅಕ್ಕ.

ಚೀಲ ತರುತ್ತೇನೆ ಅಂತ ಒಳಗೆ ಬಂದು ಕೂತಿದ್ದೇನೆ. ಕೂಗುತ್ತಿದ್ದಾಳೆ. ಕನ್ನಡಕದಮ್ಮ ಯಾರು ಅಂತ ದಾರಿಯಲ್ಲಿ ಹೇಳಬೇಕು. ಎಲ್ಲಿಂದ ಶುರು ಮಾಡಲಿ?